ಚುಕ್ಕೆಯಕ್ಕ ಅಳಿಸಿದ ಬೆಳಕಿನ ಉಂಡೆಗಳು

ಫೋಟೋ ಸ್ಟುಡಿಯೋದ ಒಳಕೋಣೆಯಲ್ಲಿ ಇಪ್ಪತ್ತೆಂಟು ವರ್ಷ ಕೂತು ಕಂಡವರ ಮುಖದ ಕಲೆ ಅಳಿಸಿದವಳು ಚುಕ್ಕೆಯಕ್ಕ. ಮೊದಮೊದಲು ಮೂರೇ ಕೂದಲಿನ ಕುಂಚ ಹಿಡಿದು ಪ್ರಿಂಟಿನ ಮೇಲಿನ ಬಿಳಿ ಚುಕ್ಕೆಗಳನ್ನು ಮುಚ್ಚುತ್ತಿದ್ದಳು. ಆಮೇಲೆ ಕಂಪ್ಯೂಟರ್ ಬಂತು, ಕುಂಚ ಹೋಗಿ ಮೌಸ್ ಬಂತು, ಚುಕ್ಕೆಗಳು ಮಾತ್ರ ಹಾಗೇ ಬರುತ್ತಿದ್ದವು. ಮೊಡವೆ, ಧೂಳು, ಮದುಮಗನ ಹಲ್ಲಿನ ಸಂದಿ, ಯಾವುದೂ ಅವಳ ಕೈಗೆ ಸಿಕ್ಕಿ ಉಳಿದದ್ದಿಲ್ಲ. ಮಾತು ಕಡ್ಡಿ ಮುರಿದಂತೆ. ಮೂಗು ಸಣ್ಣದು ಮಾಡಿಕೊಡಿ ಎಂದು ಬಂದವರಿಗೆ, ಅದನ್ನು ನಿಮ್ಮಪ್ಪನ ಹತ್ತಿರ ಕೇಳಬೇಕಿತ್ತು ಎಂದುಬಿಡುತ್ತಿದ್ದಳು.

ವರ್ಷಕ್ಕೆ ನಾಲ್ಕೈದು ಮಂದಿಯಾದರೂ ಬಿಳಿ ಉಂಡೆ ಬಿದ್ದ ಫೋಟೋ ಹಿಡಿದುಕೊಂಡು ಬರುತ್ತಿದ್ದರು. ತೀರಿಕೊಂಡ ಅತ್ತೆಯ ಮಂಚದ ಮೇಲೆ ಬೆಳಕಿನ ಉಂಡೆಯೊಂದು ತೇಲುತ್ತಿದೆ, ಇದು ಅವರ ಆತ್ಮವೇ ಇರಬಹುದೇ ಎಂದು ದನಿ ತಗ್ಗಿಸಿ ಕೇಳುತ್ತಿದ್ದರು. ಚುಕ್ಕೆಯಕ್ಕ ಎದ್ದು, ಮೇಜು ಒರೆಸುವ ಬಟ್ಟೆಯನ್ನು ಕ್ಯಾಮೆರಾದ ಮುಂದೆ ಒಮ್ಮೆ ಕೊಡವಿ, ಫ್ಲ್ಯಾಶ್ ಹಾಕಿ ಫೋಟೋ ತೆಗೆದು ತೋರಿಸುತ್ತಿದ್ದಳು. ಪರದೆಯ ತುಂಬ ಉಂಡೆಗಳು.

"ಲೆನ್ಸ್ ಹತ್ತಿರದ ಧೂಳಿಗೆ ಫ್ಲ್ಯಾಶ್ ಬೆಳಕು ಬಿದ್ರೆ ಹೀಗೇ ಕಾಣೋದು. ಇಷ್ಟೊಂದು ಜನ ಅತ್ತೆಯಂದಿರನ್ನ ಯಾರು ತಡ್ಕೋತಾರೆ ಹೇಳಿ."

ಕೆಲವರು ನಗುತ್ತಿದ್ದರು, ಕೆಲವರು ಕಣ್ಣೊರೆಸಿಕೊಂಡು ಮೆಟ್ಟಿಲಿಳಿಯುತ್ತಿದ್ದರು. ಆಗ ಅವಳಿಗೆ ಅದೇನೂ ತಟ್ಟುತ್ತಿರಲಿಲ್ಲ.

ಅವಳ ಒಬ್ಬಳೇ ಮಗಳು ಹೋದದ್ದು ಇಪ್ಪತ್ತನೆಯ ವಯಸ್ಸಿನಲ್ಲಿ, ಒಂಬತ್ತು ದಿನದ ಜ್ವರಕ್ಕೆ. ಮನೆಯಲ್ಲಿ ಅವಳನ್ನು ಗುಬ್ಬಿ ಎಂದೇ ಕರೆಯುತ್ತಿದ್ದರು. ಚುಕ್ಕೆಯಕ್ಕನ ಗಂಡ ಟೈಲರ್. ಮನೆಯ ಮುಂಗೋಣೆಯಲ್ಲೇ ಅವನ ಹೊಲಿಗೆ ಮೆಷಿನ್ನು, ಪಕ್ಕದಲ್ಲೊಂದು ಬೆತ್ತದ ಕುರ್ಚಿ. ಗುಬ್ಬಿ ಅದರಲ್ಲಿ ಕೂತು ಗುಂಡಿ ಹಾಕಿಕೊಡುತ್ತ, ಬಾಯಿಗೆ ಬಿಡುವು ಕೊಡದೆ ಅಪ್ಪನ ಜೊತೆ ಹರಟುತ್ತಿದ್ದಳು. ಅವಳು ಹೋದ ಮೇಲೆ ಟೈಲರ್ ಮಾತು ಬಿಟ್ಟ. ಅಳತೆ ತೆಗೆಯುವಾಗಲೂ ತಿರುಗಿ ಎಂದು ಬೆರಳಿನಲ್ಲಿ ತೋರಿಸುತ್ತಿದ್ದ. ಹೆಂಡತಿ ಬಡಿಸಿದರೆ ಉಂಡ, ಮರೆತರೆ ಹಾಗೇ ಇದ್ದ. ಹೀಗೆ ಏಳು ತಿಂಗಳು ಕಳೆದವು. ಮಗಳ ಜೊತೆ ಗಂಡನೂ ಹೋದನೆಂದೇ ಚುಕ್ಕೆಯಕ್ಕ ಲೆಕ್ಕ ಹಾಕಿದ್ದಳು.

ಒಂದು ಸಂಜೆ ಅವನು ಗುಬ್ಬಿಯ ಪುಟ್ಟ ಕ್ಯಾಮೆರಾ ತೆಗೆದು ಖಾಲಿ ಕುರ್ಚಿಯ ಫೋಟೋ ಕ್ಲಿಕ್ಕಿಸಿದ. ಕುರ್ಚಿಯ ಬೆನ್ನಿನ ಹತ್ತಿರ ಬಿಳಿ ಉಂಡೆ ಕಂಡಿತು. ಏಳು ತಿಂಗಳಲ್ಲಿ ಮೊದಲ ಸಲ ಅವನು ಹೆಂಡತಿಯನ್ನು ಕೂಗಿ ಕರೆದ.

ಟೈಲರ್ ಮನೆಯಲ್ಲಿ ಹತ್ತಿಯ ಎಳೆ, ಬಟ್ಟೆಯ ಧೂಳು ಹಾರದ ಗಳಿಗೆಯಿಲ್ಲ. ಉಂಡೆ ಬಾರದಿದ್ದರೇ ಆಶ್ಚರ್ಯ. ಚುಕ್ಕೆಯಕ್ಕ ಅದನ್ನೇ ಹೇಳಿದಳು. ಅವನು ಜಗಳಕ್ಕೆ ಬರಲಿಲ್ಲ.

"ನಿನಗೆ ಧೂಳು, ಸರಿ. ನನಗಿದನ್ನ ಬಿಟ್ಬಿಡು," ಎಂದ.

ಅಂದಿನಿಂದ ಅವನಿಗೆ ಊಟ ಸೇರತೊಡಗಿತು. ಮೆಷಿನ್ ತುಳಿಯುತ್ತ ಕುರ್ಚಿಯ ಕಡೆ ತಿರುಗಿ ಗಿರಾಕಿಗಳ ಸುದ್ದಿ ಹೇಳುತ್ತಿದ್ದ. ಯಾರ ಸೊಂಟ ಎರಡಿಂಚು ಹೆಚ್ಚಾಯಿತು, ಯಾರು ಅದನ್ನು ಒಪ್ಪಲಿಲ್ಲ ಎಂದು ಹೇಳಿ ತಾನೇ ನಗುತ್ತಿದ್ದ. ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ ಎಂದುಕೊಂಡು ಅವಳೂ ಸುಮ್ಮನಾದಳು. ಆದರೆ ಮುಂದಿನ ಫೋಟೋಗಳನ್ನು ತೋರಿಸಲು ಬಂದಾಗಲೆಲ್ಲ ಒಲೆಯ ಕಡೆ ಮುಖ ತಿರುಗಿಸುತ್ತಿದ್ದಳು.

ಹೀಗೆ ಹನ್ನೊಂದು ಫೋಟೋಗಳಾದವು. ಕೊನೆಯದನ್ನು ಕ್ಯಾಮೆರಾ ಕಪಾಟಿನ ಮೇಲಿಟ್ಟು ತಾನೂ ಮೆಷಿನ್ ಮುಂದೆ ಕೂತು ತೆಗೆದುಕೊಂಡಿದ್ದ: ಅಪ್ಪ, ಪಕ್ಕದಲ್ಲಿ ಕುರ್ಚಿ. ಅದನ್ನು ದೊಡ್ಡದು ಮಾಡಿಸಿ, ಉಳಿದ ಹತ್ತನ್ನೂ ಪ್ರಿಂಟ್ ಹಾಕಿಸಿ ತಾ ಎಂದು ಕ್ಯಾಮೆರಾದ ಕಾರ್ಡನ್ನು ಅವಳ ಕೈಗೆ ಕೊಟ್ಟ. ಏನನ್ನೂ ಒರೆಸಬೇಡ ಎಂದು ಎರಡು ಸಲ ಹೇಳಿದ.

ಅಂದು ಸ್ಟುಡಿಯೋದಲ್ಲಿ ಯಾವುದೋ ಶಾಲೆಯ ಗುರುತಿನ ಚೀಟಿಯ ಕೆಲಸ, ನಾನೂರು ಮಕ್ಕಳ ಮುಖ. ಮಧ್ಯಾಹ್ನದವರೆಗೆ ಕಲೆ ಒರೆಸುವುದು, ಸೇವ್ ಒತ್ತುವುದು, ಮುಂದಿನದು. ಊಟಕ್ಕೆ ಏಳುವ ಮೊದಲು ಗಂಡನ ಕಾರ್ಡ್ ಹಾಕಿದಳು. ಕಣ್ಣು ಇನ್ನೂ ಶಾಲೆಯ ಮಕ್ಕಳಲ್ಲೇ ಇತ್ತು. ಬಿಳಿ ಕಂಡಲ್ಲಿ ಕೈ ಹೋಯಿತು, ಒರೆಸಿತು, ಸೇವ್ ಒತ್ತಿತು. ಹನ್ನೊಂದನೆಯದರಲ್ಲಿ ಗಂಡನ ಮುಖ ಎದುರಾದಾಗ ಎಚ್ಚರವಾಯಿತು. ಅಷ್ಟರಲ್ಲಿ ಅದೂ ಮುಗಿದಿತ್ತು.

ನಕಲು ಇಟ್ಟುಕೊಳ್ಳುವ ಅಭ್ಯಾಸ ಅವಳಿಗಿರಲಿಲ್ಲ. ಅಳಿಸಿದ ಕಲೆ ವಾಪಸ್ ಬೇಕೆಂದು ಇಪ್ಪತ್ತೆಂಟು ವರ್ಷದಲ್ಲಿ ಒಬ್ಬರೂ ಕೇಳಿರಲಿಲ್ಲ. ಕಾರ್ಡಿನ ಮೇಲೇ ಸೇವ್ ಆಗಿದೆ, ಇನ್ನೆಲ್ಲಿಂದ ತರಲಿ ಎಂದು ಸ್ಟುಡಿಯೋ ಯಜಮಾನರೂ ಕೈಚೆಲ್ಲಿದರು.

ಚುಕ್ಕೆಯಕ್ಕ ಕಾರ್ಡನ್ನು ತೆಗೆದು ಮತ್ತೊಮ್ಮೆ ಹಾಕಿ ನೋಡಿದಳು. ಕೈ ತಪ್ಪಿ ಆಯಿತು ಎಂದರೆ ಯಾರು ನಂಬುತ್ತಾರೆ? ಧೂಳು ಧೂಳು ಎಂದವಳೂ ಅವಳೇ, ಒರೆಸಿದವಳೂ ಅವಳೇ. ಬೇಕೆಂದೇ ಮಾಡಿದಳು ಎಂದುಕೊಂಡು ಅವನು ಮತ್ತೆ ಮಾತು ಬಿಟ್ಟರೆ, ಈ ಸಲ ಯಾವ ಉಂಡೆಯೂ ಅವನನ್ನು ಎಬ್ಬಿಸಲಾರದು. ಊಟದ ಡಬ್ಬಿ ಮುಚ್ಚಿದಂತೇ ಇತ್ತು. ಅವಳು ಮತ್ತೆ ಕೂತಳು, ಮೌಸ್ ಹಿಡಿದಳು, ಉಂಡೆಗಳನ್ನು ಬರೆಯತೊಡಗಿದಳು. ಅಂಚು ತುಸು ಹೊಳಪು, ನಡುವೆ ಮಂಜು ಮಂಜು. ಅವು ಹೇಗಿರುತ್ತವೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಎಲ್ಲಿದ್ದವು ಎಂಬುದು ಮಾತ್ರ ಗೊತ್ತಿರಲಿಲ್ಲ. ನೋಡಿದ್ದರಲ್ಲವೇ ಗೊತ್ತಾಗುವುದು. ಅಂದಾಜಿನ ಮೇಲೆ ಬರೆದಳು. ಕೊನೆಯದನ್ನು ಗಂಡನ ಹೆಗಲಿನ ಹತ್ತಿರ ಇಟ್ಟಳು.

ಸಂಜೆ ಟೈಲರ್ ಕೈ ತೊಳೆದು ಬಂದು ಫೋಟೋಗಳನ್ನು ಒಂದೊಂದಾಗಿ ನೋಡಿದ. ಮತ್ತೆ ಮೊದಲಿನಿಂದ ನೋಡಿದ. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಇದರಲ್ಲಿ ಕುರ್ಚಿ ಕಾಲ ಹತ್ತಿರ ಇದ್ಲು. ನೂರು ಸಲ ನೋಡಿದೀನಿ," ಎಂದ ದೊಡ್ಡ ಫೋಟೋ ಹಿಡಿದು.

ಎಲ್ಲ ಮುಗಿಯಿತು ಎಂದುಕೊಂಡಳು. ಸತ್ಯ ಹೇಳಲು ಬಾಯಿ ತೆರೆದೂ ಇದ್ದಳು. ಅಷ್ಟರಲ್ಲಿ ಅವನು ಕನ್ನಡಕ ತೆಗೆದ. ಕಣ್ಣು ತುಂಬಿತ್ತು.

"ಹತ್ತಿರ ಬಂದಿದ್ದಾಳೆ ಕಣೇ. ನೋಡು, ಹೆಗಲಿಗೇ ಬಂದ್ಬಿಟ್ಟಿದ್ದಾಳೆ."

ಸತ್ಯ ಬಿಸಿತುಪ್ಪವಾಯಿತು, ನುಂಗಲೂ ಆಗದು, ಉಗುಳಲೂ ಆಗದು. ಚೌಕಟ್ಟು ಹಾಕಿಸಿದ ಫೋಟೋ ಮೆಷಿನ್ನಿನ ಮೇಲಿನ ಗೋಡೆಗೆ ಬಂತು. ಅವನು ಬೇರೆ ಫೋಟೋ ತೆಗೆಯುವುದನ್ನೇ ನಿಲ್ಲಿಸಿದ; ಬಂದವಳು ಬಂದಾಯಿತಲ್ಲ, ಇನ್ನೇನು ಹುಡುಕುವುದು ಎಂದ. ಅವನು ಬದುಕಿಕೊಂಡ, ನಿಜ. ಹೋದದ್ದು ಚುಕ್ಕೆಯಕ್ಕನದು. ಅವಳು ಆ ಫೋಟೋಗಳನ್ನು ನೋಡದೆ ಮುಖ ತಿರುಗಿಸುತ್ತಿದ್ದದ್ದು ತಿರಸ್ಕಾರದಿಂದಲ್ಲ. ನೋಡದಿರುವವರೆಗೆ, ಅದು ಧೂಳಲ್ಲದೆಯೂ ಇರಬಹುದು ಎಂಬ ಸಾಸಿವೆಯಷ್ಟು ಅನುಮಾನ ಉಳಿದಿತ್ತು. ಜಗತ್ತಿಗೆಲ್ಲ ಧೂಳು ಕೊಡವಿ ತೋರಿಸಿದವಳು ಅಷ್ಟನ್ನು ತನಗಾಗಿ ಬಚ್ಚಿಟ್ಟುಕೊಂಡು, ಅದರ ಮೇಲೆಯೇ ದಿನ ದೂಡುತ್ತಿದ್ದಳು. ಈಗ ಗೋಡೆಯ ಮೇಲಿರುವುದರ ಬಗ್ಗೆ ಅನುಮಾನಕ್ಕೆ ಜಾಗವೇ ಇಲ್ಲ.

ಸಂಜೆಯಾದರೆ ಟೈಲರ್ ಮೆಷಿನ್ ನಿಲ್ಲಿಸಿ ಅವಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾನೆ.

"ಸುಮ್ನೆ ಯಾಕೆ ಕೂತಿದ್ದೀಯ? ಮಾತಾಡ್ಸು. ಅಮ್ಮ ಮಾತಾಡ್ಲಿ ಅಂತ ಕಾಯ್ತಿರ್ತಾಳೆ."

ಚುಕ್ಕೆಯಕ್ಕ ತಲೆಯೆತ್ತಿ, ತಾನೇ ಬರೆದ ಆ ಬಿಳಿ ಉಂಡೆಯನ್ನು ನೋಡಿ, "ಊಟ ಆಯ್ತೇನೇ ಗುಬ್ಬಿ?" ಎಂದು ಕೇಳುತ್ತಾಳೆ.