ಆಮೆಯ ಬೆನ್ನ ಮೇಲೆ ಏಳು ಸಾವಿರ ಮೊಟ್ಟೆ

ಹುಲ್ಲಿನ ವಾಸನೆ ಮೂಗಿಗೆ ಬಡಿದರೆ ನನಗೆ ಇಂದಿಗೂ ಏಳೇ ವರ್ಷ. ನಮ್ಮ ಬೀದಿಯ ಮೂಲೆಯಂಗಡಿಯಲ್ಲಿ ಮೊಟ್ಟೆಗಳನ್ನು ಬುಟ್ಟಿಯ ಹುಲ್ಲಿನೊಳಗೆ ಹುದುಗಿಸಿ ಇಡುತ್ತಿದ್ದರು. "ನಿನ್ನ ಕೈ ಚಿಕ್ಕದು, ನೀನೇ ತಗೋ ಮಗಳೇ" ಎನ್ನುತ್ತಿದ್ದಳು ಅಂಗಡಿಯಾಕೆ. ಮೊಣಕೈತನಕ ಕೈ ಇಳಿಸಿ ತಡಕಾಡಿದರೆ ಮೊದಲು ಹುಲ್ಲಿನ ಕಾವು, ಆಮೇಲೆ ತಟ್ಟನೆ ತಣ್ಣನೆಯ ನುಣುಪು. ಎಷ್ಟೋ ಸಲ ಒಡೆದಿದ್ದೇನೆ. ಆಕೆ ಒಂದು ದಿನವೂ ಗದರಲಿಲ್ಲ.

ಅದೇ ವಾಸನೆ ಈಗ, ಅರವತ್ತು ವರ್ಷಗಳ ಮೇಲೆ, ಬೆಳಗಿನ ಐದು ಗಂಟೆಗೆ ಒಂದು ಪಿಕಪ್ ಗಾಡಿಯಿಂದ ಬರುತ್ತಿದೆ. ಮೊಟ್ಟೆ ಗೋದಾಮಿನ ಬಾಗಿಲಲ್ಲಿ ಒಂದೇ ದೀಪ. ಅದರಡಿ ಐವತ್ತನಾಲ್ಕು ವರ್ಷದ ಸಣಕಲು ಮನುಷ್ಯರೊಬ್ಬರು ಗಾಡಿಯ ತಳಕ್ಕೆ ಹುಲ್ಲು ಹಾಸುತ್ತಿದ್ದಾರೆ. ತೊಟ್ಟಿಲಿಗೆ ಬಟ್ಟೆ ಹಾಸುವವರ ಹಾಗೆ ಅಂಚಿನಲ್ಲಿ ಒತ್ತಿ, ನಡುವೆ ಸಡಿಲ ಬಿಡುತ್ತಾರೆ. ಅದರ ಮೇಲೆ ಟ್ರೇಗಳು. ಟ್ರೇಗೆ ಮೂವತ್ತು ಮೊಟ್ಟೆ, ಒಂದರ ಮೇಲೊಂದು ಎಂಟು ಟ್ರೇ, ಅಂಥ ಮೂವತ್ತು ಅಟ್ಟಿ. ಒಟ್ಟು ಏಳು ಸಾವಿರದ ಇನ್ನೂರು.

"ಏನು ಬೇಕಾದ್ರೂ ಕೇಳಿ ಅಮ್ಮಾ, ಹೇಳ್ತೀನಿ. ಅಟ್ಟಿ ಕಟ್ಟೋವಾಗ ಮಾತ್ರ ನಗಿಸ್ಬೇಡಿ" ಎನ್ನುತ್ತಾರೆ ಅವರು.

ಇವರ ಬಗ್ಗೆ ಬರೆಯಲೆಂದು ನಾನು ಇವತ್ತು ಇವರ ಜೊತೆ ಹೊರಟಿದ್ದೇನೆ. ಇವರನ್ನು ಎಲ್ಲರೂ ಕರೆಯುವುದು ಮೊಟ್ಟೆಯಣ್ಣ ಎಂದೇ. ಗಾಡಿಯ ಹೆಸರು ಆಮೆ. ಗಂಟೆಗೆ ಮೂವತ್ತು ಕಿಲೋಮೀಟರ್ ದಾಟಿದ್ದನ್ನು ಯಾರೂ ಕಂಡಿಲ್ಲವಾದ್ದರಿಂದ ಬೇಕರಿಯವರು ಇಟ್ಟ ಹೆಸರು. ಬೆಳಗಿನ ಎಂಟು ಗಂಟೆಯೊಳಗೆ ಇಪ್ಪತ್ತಾರು ಬಾಗಿಲು ಮುಟ್ಟಬೇಕು: ಬೇಕರಿಗಳು, ಹಾಸ್ಟೆಲುಗಳು, ಆಸ್ಪತ್ರೆಯ ಅಡುಗೆಮನೆ. ಹದಿನೈದು ವರ್ಷಗಳಿಂದ ಮುಟ್ಟುತ್ತಿದ್ದಾರೆ. ನಾವು ಬೆಳಿಗ್ಗೆ ಎದ್ದು ಮುರಿಯುವ ಬನ್ನಿನಲ್ಲಿ ಇವರ ಪಾಲಿದೆ ಎಂದು ನಮಗೆ ಯಾರಿಗೂ ಹೊಳೆದಿರುವುದಿಲ್ಲ.

ಆದರೆ ಇವತ್ತು ಇವರು ಕಟ್ಟಿದ ಅಟ್ಟಿಯನ್ನೇ ಮತ್ತೆ ಮತ್ತೆ ಎಣಿಸುತ್ತಾರೆ. ಹದಿನೈದು ವರ್ಷ ತುಂಬಿದ ಗಾಡಿಗಳಿಗೆ ದೊಡ್ಡ ತಪಾಸಣೆ ಇದೆ. ಗಾಡಿಯನ್ನು ಮೇಲಕ್ಕೆತ್ತಿ ಅಡಿಯಿಂದ ನೋಡುತ್ತಾರಂತೆ. ಕೊಟ್ಟ ಗಡುವು ಇವತ್ತು ಮಧ್ಯಾಹ್ನ ಒಂದು ಗಂಟೆಗೆ ಮುಗಿಯುತ್ತದೆ. ಪಾಸಾದರೆ ಇನ್ನೂ ಐದು ವರ್ಷ ರಸ್ತೆಯ ಮೇಲೆ, ಇಲ್ಲವಾದರೆ ನೇರ ಗುಜರಿಗೆ. ಹೊಸ ಗಾಡಿಯ ಮಾತೆತ್ತಿದರೆ ಮೊಟ್ಟೆಯಣ್ಣ ತಲೆ ಅಲ್ಲಾಡಿಸುತ್ತಾರೆ. "ಆಗೋ ಮಾತಲ್ಲ ಬಿಡಿ. ಆಮೆ ಹೋದ್ರೆ ನಾನೂ ಮನೇಲಿ."

ಮನೆಯಿಂದ ಹೊರಡುವಾಗ ಹೆಂಡತಿ ಊಟದ ಡಬ್ಬಿ ಕೊಟ್ಟಿದ್ದಾರೆ. "ರೀ, ತಪಾಸಣೆಗೆ ಮೊದ್ಲೇ ತಿಂದ್ಬಿಡಿ. ಖಾಲಿ ಹೊಟ್ಟೇಲಿ ನಿಮ್ಗೆ ಸಿಟ್ಟು ಬರತ್ತೆ." ಇವರು ಕೇಳಿಲ್ಲ. "ಪಾಸಾದ್ಮೇಲೆ ತಿಂತೀನಿ." ಡಬ್ಬಿ ಈಗ ನಮ್ಮಿಬ್ಬರ ಸೀಟಿನ ನಡುವೆ ಗಂಭೀರವಾಗಿ ಕೂತಿದೆ.

ಪಿಕಪ್ ಇಟ್ಟುಕೊಂಡವರ ಸಂಸಾರ ಎಂಥದೆಂದು ಇವರ ಪಕ್ಕ ಒಂದು ಬೆಳಗು ಕೂತರೆ ತಿಳಿಯುತ್ತದೆ. ಇರುವುದು ಎರಡೇ ಸೀಟು, ಆದ್ದರಿಂದ ಮನೆಯವರೆಲ್ಲ ಒಟ್ಟಿಗೆ ಎಲ್ಲಿಗೂ ಹೋಗಿದ್ದಿಲ್ಲ. ಎಡಗಡೆಯ ಬಾಗಿಲು ಒಳಗಿನಿಂದ ಮಾತ್ರ ತೆಗೆಯುತ್ತದೆ, ಅದೂ ಭುಜ ಕೊಟ್ಟು ನೂಕಿದರೆ. "ಕಾರಿದ್ದೋರ್ಗೆ ಲಿಫ್ಟ್ ಕೇಳ್ತಾರೆ. ಪಿಕಪ್ ಇದ್ದೋರ್ಗೆ ಬೀರು ಹೊರಿಸ್ತಾರೆ" ಎಂದು ನಗುತ್ತಾರೆ. ಬೀದಿಯಲ್ಲಿ ಯಾರೇ ಮನೆ ಬದಲಿಸಲಿ, ಆಮೆಯೇ ಬೇಕು. ಬೆನ್ನು ನೋವಿನಿಂದ ಕೂರಲಾಗದವರನ್ನು ಹಾಸಿಗೆಯ ಸಮೇತ ಮಲಗಿಸಿ ಆಸ್ಪತ್ರೆಗೆ ಮುಟ್ಟಿಸಿದ್ದೂ ಆಮೆಯೇ, ಅದೂ ಒಂದು ಸಲವಲ್ಲ.

"ಆಂಬುಲೆನ್ಸಿಗಿಂತ ಮೆತ್ತಗಿದೆ ಅಂತಾರೆ ಅಮ್ಮಾ. ಸುಮ್ನೆ ಹೇಳ್ತಿಲ್ಲ."

ಸುಳ್ಳಲ್ಲ. ನಾನೂ ಗಮನಿಸುತ್ತಿದ್ದೇನೆ. ರಸ್ತೆಯುಬ್ಬು ಬಂದರೆ ಆಮೆ ಹಾರುವುದಿಲ್ಲ, ಹತ್ತಿ ಇಳಿಯುತ್ತದೆ. ಒಂದು ತಿರುವಿನಲ್ಲಿ ಇವರು ಕಾರಣವೇ ಇಲ್ಲದೆ ನಿಧಾನಿಸುತ್ತಾರೆ. ಯಾಕೆಂದು ಕೇಳಿದರೆ ನಾಚುತ್ತಾರೆ. "ಇಲ್ಲೊಂದು ಗುಂಡಿ ಇತ್ತು. ಮುಚ್ಚಿ ನಾಲ್ಕು ವರ್ಷ ಆಯ್ತು. ಕಾಲು ಕೇಳಲ್ಲ, ತಾನೇ ಬ್ರೇಕ್ ಒತ್ತತ್ತೆ." ಕೊನೆಯ ಬೇಕರಿಯಲ್ಲಿ ಟ್ರೇ ಇಳಿಸಿ ಒಡೆದದ್ದನ್ನು ಎಣಿಸುತ್ತೇವೆ. ಏಳು ಸಾವಿರದಲ್ಲಿ ಮೂರು! ದಿನವೂ ಹೆಚ್ಚುಕಮ್ಮಿ ಅಷ್ಟೇ ಅಂತೆ. ಮೊದಮೊದಲು ನಲವತ್ತು ಒಡೆಯುತ್ತಿದ್ದವಂತೆ. ಅದು ಮೂರಕ್ಕಿಳಿದದ್ದು ಹೇಗೆಂದು ಕೇಳಿದರೆ, ಬೇರೆ ಏನೋ ಮಾತು ತೆಗೆಯುತ್ತಾರೆ.

ಆ ಗುಟ್ಟು ಒಂಬತ್ತೂವರೆಗೆ ತಪಾಸಣೆಯ ಅಂಗಳದಲ್ಲಿ ಬಯಲಾಗುತ್ತದೆ.

ಅಂಗಳದಲ್ಲಿ ಹನ್ನೆರಡು ಪಿಕಪ್‌ಗಳ ಸಾಲು. ಮಾಲೀಕರೆಲ್ಲ ಕೆಳಗಿಳಿದು, ಮದುವೆಗೆ ಹೆಣ್ಣು ತೋರಿಸಲು ಬಂದ ತಂದೆಯರ ಹಾಗೆ ತಂತಮ್ಮ ಗಾಡಿ ಒರೆಸುತ್ತಿದ್ದಾರೆ. ಮುಂದಿರುವವರು ಹೂಕುಂಡ ಮಾರುವಾತ, ಹಿಂದಿರುವವರು ಹಾಸಿಗೆ ಅಂಗಡಿಯ ಯಜಮಾನ.

"ಏನಣ್ಣಾ, ಗಾಡಿಗೆ ಸ್ನಾನ ಮಾಡ್ಸಿದ್ಯಾ, ಬಣ್ಣ ಹೊಡ್ಸಿದ್ಯಾ?" ಎನ್ನುತ್ತಾರೆ ಹೂಕುಂಡದವರು.

"ಅಡೀನೂ ತೊಳ್ದಿದೀನಿ. ಮೂರು ದಿನ ಮಲ್ಕೊಂಡೇ ಉಜ್ಜಿದೀನಿ" ಎಂದು ಮೊಟ್ಟೆಯಣ್ಣ ಎದೆ ಉಬ್ಬಿಸುತ್ತಾರೆ.

"ನನ್ ಗಾಡೀಲಿ ಮುನ್ನೂರು ಕಿಲೋ ಮಣ್ಣು ಇದ್ರೇನೇ ನೆಟ್ಟಗೆ ಓಡೋದು. ಖಾಲಿ ಇದ್ರೆ ಕಪ್ಪೆ!"

"ನಿಮ್ದು ಕಪ್ಪೆ. ನಂದು ಹಾಸಿಗೆ ಹೇರಿದ್ರೆ ಗಾಳಿಪಟ" ಎಂದು ಹಾಸಿಗೆಯವರು ದನಿಗೂಡಿಸುತ್ತಾರೆ. "ಒಂದ್ಸಲ ಸೇತುವೆ ಮೇಲೆ ಎರಡು ಹಾಸಿಗೆ ಹಾರಿ ಹೋದ್ವು. ಹುಡುಕ್ಕೊಂಡು ಹೋದ್ರೆ, ಒಬ್ರು ಆಗ್ಲೇ ಮಲ್ಗಿದ್ರು!"

ನಗು ಇನ್ನೂ ನಿಂತಿಲ್ಲ, ಆಮೆಯ ಸರದಿ ಬರುತ್ತದೆ. ದೀಪ, ಹಾರನ್, ಬ್ರೇಕು, ಹೊಗೆ, ಎಲ್ಲ ಸರಿ. ಗಾಡಿ ಮೇಲೇರುತ್ತದೆ. ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡ ಅಧಿಕಾರಿ ಅಡಿಗೆ ಹೋಗಿ ಟಾರ್ಚ್ ಬಿಟ್ಟು, ಹಿಂದಿನ ಚಕ್ರದ ಮೇಲಿನ ಸ್ಪ್ರಿಂಗಿನ ಪ್ಲೇಟುಗಳನ್ನು ಎಣಿಸುತ್ತಾರೆ. ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳವು, ಒಂದರ ಕೆಳಗೊಂದು. ಅಧಿಕಾರಿ ಇನ್ನೊಮ್ಮೆ ಎಣಿಸುತ್ತಾರೆ.

"ಕಾಗದದಲ್ಲಿ ಆರಿದೆ. ಇಲ್ಲಿರೋದು ಐದು. ಆ ಕಡೆನೂ ಐದೇ. ಇನ್ನೆರಡು ಎಲ್ರೀ?"

ಮೊಟ್ಟೆಯಣ್ಣ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಬೆನ್ನ ಹಿಂದೆ ಮರೆಮಾಡುತ್ತಾರೆ. ಹನ್ನೊಂದು ವರ್ಷದ ಹಿಂದೆ, ಗಾಡಿ ಗಡುಸಾಗಿ ಕುಣಿದು ಮೊಟ್ಟೆ ಒಡೆಯುತ್ತವೆಂದು ಅವರೇ ಪ್ರತಿ ಕಡೆಯಿಂದ ಒಂದೊಂದು ಪ್ಲೇಟು ಬಿಚ್ಚಿಸಿದ್ದರು. ನಲವತ್ತು ಮೂರಕ್ಕಿಳಿದದ್ದು ಹಾಗೆ. ಹಿಂದಿನ ತಪಾಸಣೆಗಳಲ್ಲಿ ಅಡಿಯೆಲ್ಲ ಕೆಸರು ಮೆತ್ತಿದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"ಉಜ್ಜು ಇನ್ನೂ! ಮೂರು ದಿನ ಮಲ್ಕೊಂಡು ಉಜ್ಜು!" ಎಂದು ಹಾಸಿಗೆಯವರು ಹಣೆ ಚಚ್ಚಿಕೊಳ್ಳುತ್ತಾರೆ.

ಅಧಿಕಾರಿ ಬೈಯುವುದಿಲ್ಲ. ಕಾಗದದ ಮೇಲೆ ಕೆಂಪು ಗೆರೆ ಎಳೆಯಲು ಹೊರಟ ಪೆನ್ಸಿಲನ್ನು ಮತ್ತೆ ಕಿವಿಗೇರಿಸುತ್ತಾರೆ. "ನಾನಿನ್ನೂ ಏನೂ ಬರ್ದಿಲ್ಲ. ಒಂದು ಗಂಟೆಗೆ ಕಿಟಕಿ ಮುಚ್ತೀವಿ. ಆ ಎರಡು ಪ್ಲೇಟು ಹಾಕಿಸ್ಕೊಂಡು ಬನ್ನಿ."

ಗಡಿಯಾರದಲ್ಲಿ ಹತ್ತು ಗಂಟೆ. ಆಮೆ ಇವತ್ತು ನಲವತ್ತೈದರಲ್ಲಿ ಓಡುತ್ತದೆ! ಹದಿನೈದು ವರ್ಷದಲ್ಲಿ ಮೊದಲ ಸಲ. ನಾನು ಬಾಗಿಲ ಹಿಡಿ ಬಿಗಿಹಿಡಿದು ಕೂತಿದ್ದೇನೆ. ಭಯವಾಗುತ್ತಿದೆಯೇ, ಖುಷಿಯಾಗುತ್ತಿದೆಯೇ ಹೇಳಲಾರೆ. "ಪ್ಲೇಟು ಎಲ್ಲಿವೆ?" ಎಂದು ಕೇಳುತ್ತೇನೆ.

"ಒಂದು ಮನೇಲಿ, ಬಟ್ಟೆ ಒಗೆಯೋ ಕಲ್ಲಿನಡಿ. ಕಲ್ಲು ಅಲ್ಲಾಡತ್ತೆ ಅಂತ ಅವಳೇ ಒತ್ತು ಕೊಟ್ಕೊಂಡಿದ್ಲು."

"ಇನ್ನೊಂದು?"

"ಇನ್ನೊಂದು ಸ್ಕೂಲಿನ ಗಂಟೆ ಅಮ್ಮಾ."

ಮನೆಯ ಹಿತ್ತಲಲ್ಲಿ ಹೆಂಡತಿ ಒಂದು ಕಡೆ, ಗಂಡ ಒಂದು ಕಡೆ ಒಗೆಯುವ ಕಲ್ಲು ಎತ್ತುತ್ತಾರೆ. ಬಿಡುವಾದರೆ ತಿನ್ನಲೆಂದು ಮೊಟ್ಟೆಯಣ್ಣ ಗಾಡಿಯಿಂದ ಇಳಿಸಿ ತಂದ ಊಟದ ಡಬ್ಬಿ ಪಕ್ಕದ ಗೋಡೆಯ ಮೇಲಿದೆ. ಸೋಪಿನ ಪದರ ಕಟ್ಟಿ ಬಿಳಿಚಿಕೊಂಡ ಪ್ಲೇಟು ಹೊರಬರುತ್ತದೆ. "ನಿಮ್ಮ ಗಾಡಿಯ ಕಣ್ಣು ಕೊನೆಗೂ ನನ್ನ ಕಲ್ಲಿನ ಮೇಲೇ ಬಿತ್ತಲ್ಲ" ಎಂದು ಹೆಂಡತಿ ರೇಗಿಸುತ್ತಾರೆ. ಆದರೆ ಅವರ ಕಣ್ಣಲ್ಲಿ ನೀರು ನಿಂತಿರುವುದು ನನಗೆ ಕಾಣುತ್ತದೆ.

ಬೀದಿಯ ತುದಿಯ ಶಾಲೆ ಮುಟ್ಟಿದಾಗ ಹತ್ತು ಐವತ್ತಾರು. ಜಗುಲಿಯ ತೊಲೆಗೆ ತಂತಿಯಿಂದ ಕಟ್ಟಿದ ಉಕ್ಕಿನ ಪ್ಲೇಟು ತೂಗುತ್ತಿದೆ. ಅದರಡಿ ಸುತ್ತಿಗೆ ಹಿಡಿದು, ಗಡಿಯಾರ ನೋಡುತ್ತ ನಿಂತವರು ಶಾಲೆಯ ಆಯಾ. ಹನ್ನೊಂದು ವರ್ಷದಿಂದ ಈ ಗಂಟೆ ಹೊಡೆಯುವವರು ಅವರೊಬ್ಬರೇ. ಬೇರೆ ಯಾರಿಗೂ ಸುತ್ತಿಗೆ ಮುಟ್ಟಲು ಬಿಡುವುದಿಲ್ಲವೆಂದು ಶಾಲೆಗೆಲ್ಲ ಗೊತ್ತು.

ಮೊಟ್ಟೆಯಣ್ಣ ತಡವರಿಸುತ್ತ ವಿಷಯ ಹೇಳುತ್ತಾರೆ. ಆಯಾ ಕೇಳಿಸಿಕೊಂಡು ಗಂಟೆಯ ಕಡೆ ನೋಡುತ್ತಾರೆ.

"ನಂದು ಇದು."

"ನಿಮ್ದೇ ಅಕ್ಕಾ. ಇಲ್ಲ ಅಂದೋರ್ಯಾರು? ಬೇಡ ಅಂದ್ರೆ ಹಾಗೇ ಹೋಗ್ತೀನಿ."

"ಹೋಗಿ ಏನ್ ಮಾಡ್ತಿಯಪ್ಪಾ?" ಆಯಾ ಮತ್ತೆ ಗಡಿಯಾರದ ಕಡೆ ತಿರುಗುತ್ತಾರೆ. "ಇನ್ನು ಮೂರು ನಿಮಿಷ ಇದೆ. ಹನ್ನೊಂದರ ಬೆಲ್ ಹೊಡ್ದೇ ಕೊಡ್ತೀನಿ."

ನನ್ನ ಜೀವಮಾನದಲ್ಲೇ ಅತಿ ಉದ್ದದ ಮೂರು ನಿಮಿಷ ಅದು. ಸರಿಯಾಗಿ ಹನ್ನೊಂದಕ್ಕೆ ಸುತ್ತಿಗೆ ಬೀಳುತ್ತದೆ. ತುಂಬು ದನಿ ಅಂಗಳದಾಚೆಗೂ ಹರಿಯುತ್ತದೆ, ಮಕ್ಕಳ ಗದ್ದಲ ಹೊರಗೆ ಉಕ್ಕುತ್ತದೆ. ಆಯಾ ಒಂದು ಏಟು ಹೆಚ್ಚೇ ಹೊಡೆಯುತ್ತಾರೆ. ಆಮೇಲೆ ಸ್ಟೂಲು ಹತ್ತಿ, ತಂತಿಯನ್ನು ತಾವೇ ಬಿಚ್ಚಿ, ಪ್ಲೇಟನ್ನು ಸೆರಗಿನಿಂದ ಒರೆಸಿ ಕೊಡುತ್ತಾರೆ.

ಅಲ್ಲಿಂದ ನೇರ ಗ್ಯಾರೇಜಿಗೆ. ಅದರ ಒಡತಿಗೆ ಐವತ್ತು ದಾಟಿದೆ, ತೋಳು ಮಾತ್ರ ಇಪ್ಪತ್ತೈದರದು. ಹನ್ನೊಂದು ವರ್ಷದ ಹಿಂದೆ ಪ್ಲೇಟು ಬಿಚ್ಚಿಕೊಟ್ಟವರೂ ಇವರೇ. "ಆವತ್ತೇ ಬೇಡ ಅಂದಿದ್ದೆ. ಕೇಳಿದ್ಯಾ? ಮೊಟ್ಟೆ ಮೊಟ್ಟೆ ಅಂತ ಪ್ರಾಣ ತಿಂದೆ" ಎಂದು ಬೈಯುತ್ತಲೇ ಕೈಯಲ್ಲಿದ್ದ ಕೆಲಸ ಬದಿಗಿಟ್ಟು ಜಾಕ್ ಏರಿಸುತ್ತಾರೆ. ಹಳೆಯ ಉಕ್ಕಿಗೆ ಸೀಳು ಬಿಟ್ಟಿದ್ದರೆ ಹಾಕುವ ಹಾಗಿಲ್ಲವಂತೆ. ಶಾಲೆಯ ಪ್ಲೇಟನ್ನು ತಂತಿಯಲ್ಲಿ ನೇತುಹಾಕಿ ಸ್ಪಾನರಿನಿಂದ ತಟ್ಟುತ್ತಾರೆ. ಅದು ಮೊಳಗುತ್ತದೆ.

"ಸೀಳಿದ್ರೆ ಈ ದನಿ ಬರಲ್ಲ. ಹನ್ನೊಂದು ವರ್ಷ ದಿನಾ ಹೊಡೆದು ಹೊಡೆದು ಪರೀಕ್ಷೆ ಮಾಡಿಟ್ಟಿದಾಳೆ ಪುಣ್ಯಾತ್ಗಿತ್ತಿ!"

ಒಗೆಯುವ ಕಲ್ಲಿನಡಿಯದನ್ನು ತಟ್ಟಿದರೆ ಬರುವುದು 'ದಪ್' ಎಂಬ ಸದ್ದು. ಮೊಟ್ಟೆಯಣ್ಣ ಕಣ್ಣು ಮುಚ್ಚಿಕೊಳ್ಳುತ್ತಾರೆ. ಒಡತಿ ತಂತಿಯ ಬ್ರಷ್ಷು ಹಿಡಿದು ತಿಕ್ಕುತ್ತಾರೆ. ಸೋಪು ಉದುರುತ್ತದೆ, ತುಕ್ಕು ಉದುರುತ್ತದೆ. ಮತ್ತೆ ತಟ್ಟುತ್ತಾರೆ. ಠಣ್!

ನಾನು ಚಪ್ಪಾಳೆ ತಟ್ಟಿಬಿಟ್ಟೆ.

ಹನ್ನೆರಡು ಐವತ್ತಕ್ಕೆ ಆಮೆ ಮತ್ತೆ ತಪಾಸಣೆಯ ಅಂಗಳದೊಳಗೆ ಬರುತ್ತದೆ. ಹೂಕುಂಡದವರು, ಹಾಸಿಗೆಯವರು ಇಬ್ಬರಿಗೂ ಕೆಲಸ ಮುಗಿದು ಗಂಟೆಯ ಮೇಲಾಗಿದೆ. ಆದರೂ ಹೋಗಿಲ್ಲ, ಗೇಟಿನ ಬಳಿಯೇ ನಿಂತಿದ್ದಾರೆ. ಅಧಿಕಾರಿ ಎಣಿಸುತ್ತಾರೆ. ಈ ಕಡೆ ಆರು. ಆ ಕಡೆ ಆರು. ಮುದ್ರೆ ಬೀಳುತ್ತದೆ. ಹಾಸಿಗೆಯವರು ತಮ್ಮ ಗಾಡಿಯ ಹಾರನ್ ಒತ್ತಿ ಹಿಡಿದು, ಅಧಿಕಾರಿಯಿಂದ ಬೈಸಿಕೊಳ್ಳುತ್ತಾರೆ.

ಆದರೆ ಮೊಟ್ಟೆಯಣ್ಣ ಪೂರ್ತಿ ನಗುತ್ತಿಲ್ಲ. "ಗಾಡಿ ಉಳೀತು. ನಾಳೆ ಮೊಟ್ಟೆ? ಮತ್ತೆ ನಲವತ್ತು ಒಡೀತಾವೆ."

"ಅಯ್ಯೋ ಮಂಕೇ" ಎನ್ನುತ್ತಾರೆ ಹೂಕುಂಡದವರು. "ಬೆಳಿಗ್ಗೆ ಏನ್ ಹೇಳ್ದೆ ನಾನು? ಭಾರ ಇದ್ರೆ ಕುಣಿಯಲ್ಲ. ಹುಲ್ಲಿನಡಿ ಆರು ಚೀಲ ಮರಳು ಹರವು, ಅದ್ರ ಮೇಲೆ ನಿನ್ ಮೊಟ್ಟೆ ಇಡು. ಚೀಲ ನಾನೇ ಕೊಡ್ತೀನಿ, ಬಾ."

ಮೊಟ್ಟೆಯಣ್ಣ ಅವರನ್ನೇ ನೋಡುತ್ತ ನಿಲ್ಲುತ್ತಾರೆ. "ಹನ್ನೊಂದು ವರ್ಷ ಇದು ನನ್ ತಲೆಗೆ ಯಾಕೆ ಹೊಳೀಲಿಲ್ಲ?"

"ನೀನು ಯಾರನ್ನಾದ್ರೂ ಕೇಳಿದ್ರೆ ತಾನೇ!"

ಮರಳಿನ ಚೀಲ ಹೇರಿಕೊಂಡು ಬರುವಾಗ ಆಮೆ ನಿಜಕ್ಕೂ ಮೆತ್ತಗಾಗಿದೆ. ಮುಚ್ಚಿದ ಗುಂಡಿಯ ಹತ್ತಿರ ಇವರು ಮತ್ತೆ ನಿಧಾನಿಸುತ್ತಾರೆ. ನಿಮ್ಮ ಆಸೆ ಏನೆಂದು ಕೇಳುತ್ತೇನೆ. ದೊಡ್ಡ ಗಾಡಿ, ದೊಡ್ಡ ವ್ಯಾಪಾರ, ಏನಾದರೂ ಹೇಳಬಹುದೆಂದು ಕಾಯುತ್ತೇನೆ. "ಒಂದು ದಿನ, ಒಂದೇ ಒಂದು ದಿನ, ಒಂದೂ ಒಡೀಬಾರ್ದು ಅಮ್ಮಾ. ಸೊನ್ನೆ. ಮನೆಗ್ ಹೋಗಿ ಅವ್ಳಿಗೆ ಹೇಳ್ಬೇಕು, ಇವತ್ತು ಸೊನ್ನೆ ಅಂತ."

ಊಟದ ನೆನಪಾದದ್ದು ಆಗ. ಸೀಟಿನ ನಡುವೆ ಡಬ್ಬಿಯಿಲ್ಲ, ಹಿತ್ತಲ ಗೋಡೆಯ ಮೇಲೇ ಉಳಿದಿದೆ. "ಅವ್ಳು ಬೈಯ್ತಾಳೆ" ಎಂದು ಗೊಣಗುತ್ತಾರೆ. ಆದರೆ ಗಾಡಿ ಮನೆಯ ಕಡೆ ತಿರುಗುವುದಿಲ್ಲ, ಮೊದಲು ಶಾಲೆಗೆ. ಗ್ಯಾರೇಜಿನ ಒಡತಿ ಯಾವುದೋ ಲಾರಿಯ ಮುರಿದ ಪ್ಲೇಟಿನ ತುಂಡೊಂದನ್ನು ತೊಳೆದು, ತಂತಿ ಪೋಣಿಸಿ ಕೊಟ್ಟಿದ್ದಾರೆ.

ಶಾಲೆಯ ಜಗುಲಿಯಲ್ಲಿ ಆಯಾ ಒಂದು ಊಟದ ತಟ್ಟೆ ಮತ್ತು ಸೌಟು ಹಿಡಿದು ನಿಂತಿದ್ದಾರೆ. ಮಧ್ಯಾಹ್ನದ ಬೆಲ್ಲನ್ನು ಅದರಲ್ಲೇ ಹೊಡೆದಂತಿದೆ. ಮೊಟ್ಟೆಯಣ್ಣ ಸ್ಟೂಲು ಹತ್ತಿ ತುಂಡನ್ನು ಕಟ್ಟಿ ಇಳಿಯುತ್ತಾರೆ. ಆಯಾ ಸುತ್ತಿಗೆ ಎತ್ತಿ, ಹಗುರಾಗಿ ಒಂದೇ ಏಟು ಹಾಕುತ್ತಾರೆ. ಮೊದಲಿನ ತುಂಬು ದನಿಯಲ್ಲ, ತೆಳ್ಳಗೆ, ಎಳೆಯ ದನಿ. ತಲೆ ವಾಲಿಸಿ, ಅದು ಪೂರ್ತಿ ಆರುವತನಕ ಕೇಳುತ್ತಾರೆ.

"ಚಿಕ್ಕ ಮಕ್ಳ ಸ್ಕೂಲು. ಸಾಕು ಬಿಡು. ಗಾಡಿ?"

"ಪಾಸು ಅಕ್ಕಾ."

"ಹೂಂ. ತಿಂದ್ಯಾ?"

ಮೊಟ್ಟೆಯಣ್ಣ ನಗುತ್ತ ತಲೆ ಕೆರೆದುಕೊಳ್ಳುತ್ತಾರೆ. ಆಯಾ ಒಳಗೆ ಹೋಗುತ್ತಾರೆ. ನಾವು ಗಾಡಿ ಹತ್ತಿ, ಇವರು ಕೀಲಿ ತಿರುಗಿಸುವ ಹೊತ್ತಿಗೆ ಕಿಟಕಿಯಲ್ಲಿ ಒಂದು ಕೈ ಕಾಣಿಸುತ್ತದೆ. ಕೈಯಲ್ಲಿ ಬಟ್ಟೆ ಸುತ್ತಿದ, ಆಯಾ ತಮಗೆಂದು ತಂದ ಊಟದ ಡಬ್ಬಿ, ಗಂಟು ಇನ್ನೂ ಬಿಚ್ಚಿಲ್ಲ. ಅದನ್ನು ಇವರ ಮಡಿಲಲ್ಲಿಟ್ಟು, ಎರಡನೆಯ ಚಮಚವೊಂದನ್ನು ನನ್ನ ಕಡೆ ಚಾಚಿ, ಗಂಟೆಯತ್ತ ಹೊರಟುಹೋಗುತ್ತಾರೆ.