ಜಗಳೂರಿನಲ್ಲಿ ಟೇಪು ಹಿಡಿದು

ವಾಸ್ತುಶಿಲ್ಪ ಓದುತ್ತಿರುವ ನನಗೆ ಈ ಸಲದ ಪ್ರಾಜೆಕ್ಟು ಜಗಳೂರಿನ ಬಸ್ ನಿಲ್ದಾಣದ ವಿನ್ಯಾಸ. ‘ಜಾಗ ನೋಡಿಕೊಂಡು ಬಾ’ ಎಂದು ಮೇಷ್ಟ್ರು ಕಳಿಸಿದ್ದಾರೆ. ನೋಡುವುದೇನೋ ಸರಿ, ಅಳೆಯಲು ಜನ ಬಿಡಬೇಕಲ್ಲ! ಟೇಪು ಬಿಚ್ಚಿದಲ್ಲೆಲ್ಲ ಸುತ್ತುವರಿದು, ‘ಅಂಗಡಿ ಒಡಿಯಾಕೆ ಬಂದೀರೇನ್ರಿ?’ ಎನ್ನುತ್ತಾರೆ. ಅಲ್ಲ ಅಲ್ಲ ಎಂದು ಹೇಳಿ ಹೇಳಿ ಗಂಟಲು ಒಣಗಿದೆ.

ಈಗ ಮಂಡಕ್ಕಿ-ಮಿರ್ಚಿ ಅಂಗಡಿಯ ಗೌರಮ್ಮ ಟೇಪನ್ನೇ ತುಳಿದು ನಿಂತುಬಿಟ್ಟರು.

‘ಅಮ್ಮಾ, ಇದು ಬರೀ ಕಾಲೇಜಿನ ಚಿತ್ರ. ಇದನ್ನ ಯಾರೂ ಕಟ್ಟೋದಿಲ್ಲ’ ಎಂದು ರೇಗಿದೆ.

‘ಹಂಗಾದ್ರೆ ಅದ್ರಾಗೆ ನನ್ನ ಅಂಗಡಿ ಎಲ್ಲೈತೆ, ತೋರಿಸ್ರಿ.’

ಬೆಳಿಗ್ಗೆ ಗೀಚಿದ್ದ ನಕ್ಷೆಯನ್ನು ಬಿಚ್ಚಿದೆ. ಅವರ ಅಂಗಡಿಯಿದ್ದ ಕಡೆ ನಾನು ಹುಲ್ಲುಹಾಸು, ಹೂವಿನ ಗಿಡ ಬರೆದಿದ್ದೆ.

ಗೌರಮ್ಮ ನನ್ನ ಮುಖವನ್ನೇ ನೋಡಿದರು. ‘ಯಾರೂ ಕಟ್ಟದೇ ಇರೋ ಚಿತ್ರದಾಗೂ ನನಗೆ ಜಾಗ ಇಲ್ಲೇನ್ರಿ?’

ಸಿಟ್ಟಿನಲ್ಲೇ ಹೂವಿನ ಗಿಡಗಳನ್ನು ಅಳಿಸಿ, ಅಲ್ಲಿ ಅಂಗಡಿ ಬರೆದು ತೋರಿಸಿದೆ. ಒಲೆ ಎಲ್ಲಿ ಎಂದು ಕೇಳಿದರು. ಅದನ್ನೂ ಬರೆದೆ. ಆಗ ಕಾಲು ತೆಗೆದರು.

ಟೇಪು ಎಳೆದುಕೊಳ್ಳುವಷ್ಟರಲ್ಲಿ ಪಕ್ಕದ ಸೈಕಲ್ ರಿಪೇರಿಯ ಬಾಷಾ ಸಾಬರು ಅದರ ಮೇಲೆ ಕಾಲಿಟ್ಟು, ‘ಈಗ ನಮ್ದು ಹಾಕ್ರಿ’ ಎಂದರು.