ಹೂವು ಬಿದ್ದಾಗ ನಾನು ನಿದ್ದೆಯಲ್ಲಿದ್ದೆ

ಹೋದ ವರ್ಷ ಕಾರ್ತಿಕದ ಎರಡನೇ ಸೋಮವಾರ, ಬೆಳಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಬಡವನಹಳ್ಳಿಯ ನಮ್ಮ ಮನೆಯ ಜಗಲಿಯಲ್ಲಿ ಕೂತು ಸ್ವಾಮಿಯ ಅಲಂಕಾರದ ಫೋಟೋವನ್ನು, ಅವನ ಹೆಸರಲ್ಲಿ ನಾನು ಅಂತರ್ಜಾಲದಲ್ಲಿ ನಡೆಸುತ್ತಿದ್ದ ಪೇಜಿಗೆ ಹಾಕುತ್ತಿದ್ದೆ. ವಳ್ಳೂರಿನ ಒಬ್ಬ ತಾಯಿಯ ಮೆಸೇಜ್ ಬಂತು. "ಅಕ್ಕಾ, ಸ್ವಾಮಿ ಕಾಪಾಡ್ತಾನೆ ಅಂತ ನೀವೇ ಬರೆದಿದ್ರಿ. ಮಗು ಹೋಗ್ಬುಡ್ತು."

ನನಗೆ ಅಳು ಬರಲಿಲ್ಲ. ಹೆಬ್ಬೆರಳು ತಾನಾಗಿಯೇ "ಸ್ವಾಮಿ ಕಾಪಾಡಲಿ" ಎಂದು ಒತ್ತಿ, ಕೈಮುಗಿದ ಚಿತ್ರ ಸೇರಿಸಿ, ಮುಂದಿನ ಮೆಸೇಜಿಗೆ ಹೋಯಿತು. ಏನು ಕಳಿಸಿದೆ ಎಂಬುದು ಅರಿವಿಗೆ ಬಂದದ್ದು ಮಧ್ಯಾಹ್ನ ಊಟಕ್ಕೆ ಕೂತಾಗ. ಅಂದಿನಿಂದ ನನ್ನ ನಿದ್ದೆ ಹೋಯಿತು.

ಭಕ್ತ ಬಂಧುಗಳೇ, ಇದರ ಹಿಂದಿನದನ್ನೂ ಹೇಳಬೇಕು. ಅದಕ್ಕೂ ಎರಡು ವರ್ಷ ಮೊದಲು ಅಮ್ಮ ಮೆದುಳು ಜ್ವರದಿಂದ ತುಮಕೂರಿನ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಳು. ಐಸಿಯು ಬಾಗಿಲಲ್ಲಿ ನಿಂತು ನಮ್ಮ ಮನೆದೇವರು ವೀರಭದ್ರಸ್ವಾಮಿಗೆ ಹರಕೆ ಹೊತ್ತೆ: ಅಮ್ಮ ಕಣ್ಣು ಬಿಟ್ಟರೆ ದಿನವೂ ನಿನ್ನ ದರ್ಶನವನ್ನು ಜನಕ್ಕೆ ತಲುಪಿಸುತ್ತೇನೆ, ಕಷ್ಟ ಹೇಳಿಕೊಂಡವರಿಗೆಲ್ಲ ಉತ್ತರ ಕೊಡುತ್ತೇನೆ. ಮೂರನೆಯ ದಿನ ಅಮ್ಮ ಕಣ್ಣು ಬಿಟ್ಟಳು. ಆದರೆ ಎಷ್ಟು ದಿನ ಎಂದು ನಾನು ಗಡುವು ಹೇಳಿರಲಿಲ್ಲ. ಹರಕೆ ಹೊರುವವರು ಮಾಡಬಾರದ ತಪ್ಪು ಅದು.

ಮೊದಮೊದಲು ಸಂತೋಷವೇ ಇತ್ತು. ಆಮೇಲೆ ಶಿರಾದಿಂದ, ಪಾವಗಡದಿಂದ, ಗಡಿಯಾಚೆಯ ಆಂಧ್ರದಿಂದಲೂ ಬರೆಯತೊಡಗಿದರು. ಕ್ಯಾನ್ಸರ್ ರಿಪೋರ್ಟು, ಓಡಿಹೋದ ಗಂಡ, ಹುಟ್ಟದ ಮಗು. ದಿನಚರಿ ಬರೆಯುವ ಅಭ್ಯಾಸವಿರುವುದರಿಂದ ಒಂದು ದಿನ ಲೆಕ್ಕ ಹಾಕಿದೆ: ಆ ಒಂದೇ ದಿನದಲ್ಲಿ ಅದೇ ಎರಡು ಪದಗಳನ್ನು ಇನ್ನೂರಕ್ಕಿಂತ ಹೆಚ್ಚು ಸಲ ಕಳಿಸಿದ್ದೆ. ಕುಕ್ಕರಿನ ಸದ್ದೂ ಮೆಸೇಜ್ ಬಂದಂತೆ ಕೇಳುತ್ತಿತ್ತು. ದೇವರ ಮುಂದೆ ನಿಂತರೆ ಪ್ರಾರ್ಥನೆ ಬರುತ್ತಿರಲಿಲ್ಲ, ಫೋಟೋಗೆ ಬೆಳಕು ಸಾಲದು ಅನ್ನಿಸುತ್ತಿತ್ತು.

ಮಧುಗಿರಿಯ ಡಾಕ್ಟರು "ಫೋನ್ ಬಿಡಮ್ಮ, ಅದೇ ಔಷಧಿ" ಎಂದರು. ನಾನು ತಲೆಯಾಡಿಸಿ ಬಂದೆ. ಹೇಗೆ ಬಿಡಲಿ? ಬಿಟ್ಟ ದಿನವೇ ಅಮ್ಮನ ಜೀವಕ್ಕೆ ಕುತ್ತು ಎಂದು ಒಳಗೆ ಗಟ್ಟಿಯಾಗಿ ಕೂತಿತ್ತು. ಕಡೆಗೆ ಅವಳಿಗೆ ಹೇಳಿಯೇಬಿಟ್ಟೆ.

"ಅಂಗಾರೆ ನನ್ ಜೀವ ನಿನ್ ಫೋನ್‌ನಾಗೈತಾ?" ಅಂದಳು ಅಮ್ಮ. "ಚಾರ್ಜು ಮುಗುದ್ರೆ ಸತ್ತೋಯ್ತೀನಾ?"

"ತಮಾಷೆ ಮಾಡ್ಬೇಡಮ್ಮ. ಸ್ವಾಮಿಗೆ ಮಾತು ಕೊಟ್ಟಿದ್ದೀನಿ."

"ಮಾತು ಕೊಟ್ಟಿದ್ರೆ ಅವುನ್ನೇ ಕೇಳಾನ ನಡಿ. ಸಾಕು ಅಂದ್ರೆ ಸಾಕು."

ಮಾರ್ಗಶಿರದ ಮೊದಲ ಸೋಮವಾರ ಮಧುಗಿರಿಗೆ ಹೋಗಿ, ಅಲ್ಲಿಂದ ಕೊರಟಗೆರೆ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಉತ್ತರ ಕೊಡುತ್ತಲೇ ಇದ್ದೆ. ಇಳಿದಾಗ ವಾಂತಿಯಾಯಿತು.

ಸಿದ್ದರಬೆಟ್ಟ ಕಾಣುವಷ್ಟು ದೂರದಲ್ಲಿ ನಮ್ಮ ಸ್ವಾಮಿಯ ಚಿಕ್ಕ ಗುಡಿಯಿದೆ. ಅಲ್ಲಿ ಅಪ್ಪಣೆ ಕೇಳುವ ಪದ್ಧತಿ ಉಂಟು. ಸ್ವಾಮಿಯ ಎರಡೂ ಭುಜಕ್ಕೆ ಒದ್ದೆ ಹೂವು ಅಂಟಿಸುತ್ತಾರೆ. ಮನಸ್ಸಿನಲ್ಲಿ ಕೇಳಿಕೊಂಡು ಕಾಯಬೇಕು. ಬಲಗಡೆಯದು ಮೊದಲು ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಇಲ್ಲ.

"ಫೋನ್ ಆಚೆ ಇಟ್ ಬಾರವ್ವ" ಎಂದರು ಅರ್ಚಕರು. "ಸ್ವಾಮಿ ಲೈವ್‌ನಾಗೆ ಹೂವ ಕೊಡಾಕಿಲ್ಲ."

ಅಮ್ಮ ಫೋನು ಕಿತ್ತುಕೊಂಡು ಚೀಲದಲ್ಲಿ ಸುತ್ತಿ ಹೊರಗೆ ಚಪ್ಪಲಿಯ ಪಕ್ಕ ಇಟ್ಟು ಬಂದಳು. ಹರಕೆಯಿಂದ ಬಿಡಿಸು, ಅಮ್ಮನನ್ನು ಮಾತ್ರ ಉಳಿಸು ಎಂದು ಕೇಳಿಕೊಂಡೆ. ಹೂವು ಅಲುಗಲಿಲ್ಲ. ಅರ್ಧ ಗಂಟೆ, ಒಂದು ಗಂಟೆ. ಅರ್ಚಕರು ಊಟಕ್ಕೆ ಹೋದರು. ಯಾರದೋ ಮಗುವಿನ ಮುಡಿ ತೆಗೆಸಲು ಬಂದಿದ್ದ ಮನೆಯವರು ಮಂಟಪದಲ್ಲಿ ಮಾತಾಡುತ್ತಿದ್ದರು. ಸ್ವಾಮಿ ನನ್ನನ್ನು ಕೈಬಿಟ್ಟ ಎಂದುಕೊಂಡು ಕಂಬಕ್ಕೆ ತಲೆಯಾನಿಸಿದೆ.

ಎಚ್ಚರವಾದದ್ದು ಸಂಜೆಯ ಗಂಟೆಗೆ. ತಲೆ ಅಮ್ಮನ ತೊಡೆಯ ಮೇಲಿತ್ತು. ಎದ್ದು ನೋಡಿದರೆ ಸ್ವಾಮಿಯ ಪಾದದ ಬಳಿ ಎರಡು ಹೂವೂ ಬಿದ್ದಿದ್ದವು.

"ಯಾವುದಮ್ಮ ಮೊದಲು ಬಿದ್ದಿದ್ದು?"

ಅಮ್ಮ ಅರ್ಚಕರ ಮುಖ ನೋಡಿದಳು. ಅವರು ಆಗಷ್ಟೇ ಬಂದಿದ್ದರು.

"ನಾನು ಹೂವ ನೋಡ್ನಿಲ್ಲ ಕಣವ್ವ" ಅಂದಳು. "ನೀನು ನಿದ್ದೆ ಮಾಡಾದ್ನ ನೋಡ್ತಾ ಕುಂತಿದ್ದೆ."

"ಇನ್ನೊಂದ್ಸಲ ಅಂಟಿಸ್ಲಾ?" ಎಂದು ಅರ್ಚಕರು ಕೇಳಿದರು.

ಬೇಡವೆಂದೆ. ನಾನು ಕೇಳಿದ್ದು ಹೂವು. ಮೂರು ವಾರದಿಂದ ಹತ್ತಿರ ಸುಳಿಯದಿದ್ದ ನಿದ್ದೆಯನ್ನು ಸ್ವಾಮಿ ತನ್ನ ಸನ್ನಿಧಿಯಲ್ಲಿ ಕರೆದು ಕೊಟ್ಟಿದ್ದ. ಆ ಸಂಜೆಯೇ, ಗುಡಿಯ ಮೆಟ್ಟಿಲ ಮೇಲೆ ಕೂತು ಪೇಜು ಮುಚ್ಚಿದೆ. ವಳ್ಳೂರಿನ ಆ ತಾಯಿಗೆ ಫೋನು ಮಾಡಿದೆ. ಎತ್ತಲಿಲ್ಲ. ಅವರ ಮಗುವಿಗೆ ಯಾಕೆ ಹಾಗಾಯಿತು ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ. ಈಗ ಕೊಡುವುದೂ ಇಲ್ಲ. ಅವರ ಹೆಸರು ಹೇಳಿ ದೀಪ ಹಚ್ಚುತ್ತೇನೆ, ಆಗ ಅಳು ಬರುತ್ತದೆ. ಅಮ್ಮ ಚೆನ್ನಾಗಿದ್ದಾಳೆ. ನನ್ನ ಹೆಬ್ಬೆರಳು ಇನ್ನೂ ಆಗಾಗ ತಾನಾಗಿಯೇ ಆ ಎರಡು ಪದ ಒತ್ತಲು ಹೋಗುತ್ತದೆ. ನನ್ನ ಸ್ವಾಮಿಗೆ ಸಾವಿರ ಶರಣು.

ಆ ಸೋಮವಾರ ಮುಡಿ ತೆಗೆಸಲು ಬಂದಿದ್ದವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ಯಾವ ಹೂವು ಮೊದಲು ಬಿತ್ತೆಂದು ಕಂಡಿದ್ದರೆ, ದಯವಿಟ್ಟು ಈ ಪತ್ರಿಕೆಗೆ ಬರೆದು ತಿಳಿಸಿ. ಎಡಗಡೆಯದೇ ಆಗಿದ್ದರೂ ಮುಚ್ಚಿಡಬೇಡಿ. ನಾನು ಹೆದರುವುದಿಲ್ಲ.